ಪಳಪಳ ಹೊಳೆದ ಗಾಜು

ವರ್ಷ ಮುಗಿಯುವ ಮುಂಚೆ ಮನೆಯ ಮೂಲೆಮೂಲೆಯನ್ನೂ ತೊಳೆಯಬೇಕು; ಇಲ್ಲದಿದ್ದರೆ ಹೊಸ ವರ್ಷದ ದೇವರು ಹೊಸಿಲು ದಾಟುವುದಿಲ್ಲ. ಹಾಗಿರುವಾಗ ಬಟ್ಟೆಗೆ ಬಣ್ಣ ಹಾಕುವ ಮನೆಯ ಹಿತ್ತಿಲಲ್ಲಿ ಸಾಲಾಗಿ ನಿಂತ ಗಾಜುಗಳನ್ನು ಅತ್ತೆ ಕಿನುಯೆ ಬಿಟ್ಟಾಳೆಯೇ?

"ನೋಡೇ ಚಿಜುರು, ಮುಖ ಕಾಣುತ್ತೆ! ಅದೆಷ್ಟು ಕಾಲದ ಬಿಳೀ ಕೊಳೆಯೋ, ಪುಡಿ ಹಾಕಿ ನಾರಲ್ಲಿ ಉಜ್ಜೀ ಉಜ್ಜೀ ನನ್ನ ಉಗುರೇ ಸವೆದೋಯ್ತು."

ಪೇಟೆಯಿಂದ ಆಗಷ್ಟೇ ಬಂದ ಸೊಸೆಯ ಕೈಚೀಲ ಜಾರಿ ಬಿತ್ತು.

"ಅತ್ತೆ, ಅದು ಕೊಳೆ ಅಲ್ಲ. ಅದೇ ಮದ್ದು."

ಬಣ್ಣದ ನೀರು ಆ ಬಿಳಿ ಲೇಪದ ಮೇಲೆ ತೆಳ್ಳಗೆ ಹರಿದು ಬರುತ್ತಿತ್ತು. ಬಿಸಿಲು ಬಿದ್ದರೆ ಸಾಕು, ಸುಣ್ಣಕ್ಕೂ ಮರಳಿಗೂ ಜಗ್ಗದ ಬಣ್ಣವನ್ನು ಲೇಪ ಅರಗಿಸಿಬಿಡುತ್ತಿತ್ತು. ವಿಶ್ವವಿದ್ಯಾಲಯದವರು ಕುಲುಮೆಯಲ್ಲಿ ಕಾಯಿಸಿ ಕೂರಿಸಿಕೊಟ್ಟದ್ದು ಅದು. ಈಗ ಗಾಜಿನಿಂದ ಇಳಿದು ಸೇರುವ ಕೊನೆಯ ತೊಟ್ಟಿಯ ತುಂಬ ನೇರಳೆ ನೀರು. ಮಧ್ಯಾಹ್ನ ನಗರಸಭೆಯ ಹೊಸಾಕಾ ಬಂದು ಆ ತೊಟ್ಟಿಯ ನೀರನ್ನೇ ಬಾಟಲಿಗೆ ತುಂಬಿಕೊಳ್ಳುತ್ತಾರೆ. ಎಚ್ಚರಿಕೆ ಕೊಟ್ಟಾಗಿದೆ, ಈ ಸಲವೂ ಬಣ್ಣ ಕಂಡರೆ ಮನೆಗೆ ಬೀಗ.

ಡಬ್ಬಿಯ ತಳದಲ್ಲಿ ಉಳಿದಿದ್ದ ಮದ್ದನ್ನು ಚಿಜುರು ಗಾಜಿಗೆ ಬಳಿದಳು. ತಲೆಗೂದಲು ಒಣಗಿಸುವ ಯಂತ್ರ ಹಿಡಿದು ಕಾಯಿಸಿದಳು. ನೀರು ಬಿಟ್ಟಳು. ಲೇಪವೆಲ್ಲ ಅಕ್ಕಿ ತೊಳೆದ ನೀರಿನಂತೆ ಕರಗಿ ಇಳಿದುಹೋಯಿತು.

"ಇನ್ನೊಂದ್ಸಲ ಬಳಿಯೇ," ಅಂದಳು ಕಿನುಯೆ. ಡಬ್ಬಿಯಲ್ಲಿ ಇನ್ನೇನೂ ಇರಲಿಲ್ಲ.

"ಹಂಗಾದ್ರೆ ತೊಟ್ಟಿ ಖಾಲಿ ಮಾಡಿ ನಲ್ಲಿ ನೀರು ತುಂಬ್ಸು. ಯಾರಿಗೆ ಗೊತ್ತಾಗುತ್ತೆ?"

"ಖಾಲಿ ಮಾಡೋದೆಲ್ಲಿಗೆ ಅತ್ತೆ? ಹೊಳೆಗೆ ತಾನೆ? ಕೆಳಗಡೆ ಊರಿನ ಹೆಂಗಸ್ರೆಲ್ಲ ಉಪ್ಪಿನಕಾಯಿಗೆ ಮೂಲಂಗಿ ತೊಳೀತಾ ಕೂತಿದಾರೆ."

ಹೊಳೆಯ ಕಡೆಯಿಂದ ಅವರ ನಗು ಕೇಳಿಸುತ್ತಿತ್ತು. ಕಿನುಯೆ ಮೆಲ್ಲಗೆ ಹೋಗಿ ಹೊಳೆಗೆ ಬಿಡುವ ಕೊಳಾಯಿಯನ್ನು ತಾನೇ ಬಿಗಿಯಾಗಿ ತಿರುಗಿಸಿ ಮುಚ್ಚಿದಳು. "ಗಾಜು ಉಜ್ಜಿದ್ದು ನಾನೇ ಅಂತ ನಗರಸಭೆಯವ್ರಿಗೆ ಹೇಳ್ತೀನಿ ಕಣೇ."

"ಹೇಳಿದ್ರೆ ನೀರು ತಿಳಿಯಾಗುತ್ತಾ ಅತ್ತೆ?"

ಹೊಸಾಕಾ ಗೇಟು ದಾಟುತ್ತಲೇ ನಕ್ಕರು. "ಅಜ್ಜಿ, ಗಾಜು ಪಳಪಳ ಅಂತಿದೆ! ನಮ್ಮನೆಗೂ ಬರ್ತೀರಾ?"

ಚಿಜುರು ಅವರ ಬಾಟಲಿಯನ್ನು ಕೈಗೆ ತೆಗೆದುಕೊಂಡು ತೊಟ್ಟಿಯಲ್ಲಿ ಅದ್ದಿದಳು. ಬಾಟಲಿ ನೇರಳೆಯಾಗಿ ಮೇಲೆದ್ದಿತು. ಹೊಸಾಕಾರ ಮುಖದ ನಗು ಇಳಿಯಿತು.

"ತಾಳಿ," ಎಂದು ಕಿನುಯೆ ಅದನ್ನು ಕಸಿದುಕೊಂಡಳು. ಹೊರಗೆ ಹತ್ತಿದ್ದ ನೀರನ್ನು ಸೊಂಟಕ್ಕೆ ಕಟ್ಟಿದ ಬಟ್ಟೆಯಲ್ಲಿ ಒರೆಸಿದಳು. ಬಾಟಲಿ ಒಣಗಿದ ಮೇಲೂ ಒರೆಸಿದಳು. ಹೊಸಾಕಾ ಕೈ ಚಾಚಿಕೊಂಡೇ ನಿಂತಿದ್ದರು. ಅವಳು ಒರೆಸುತ್ತಲೇ ಇದ್ದಳು.