ಎಡಗೈ ರಾಣಿಯ ಹುಡುಕಾಟ

ಅಮ್ಮನ ಅಜ್ಜಿ ನಾಟಕದಲ್ಲಿ ರಾಣಿಯ ಪಾರ್ಟು ಮಾಡುತ್ತಿದ್ದಳು, ಮತ್ತು ಅವಳು ಎಡಚಿ. ನಮಗೆ ಗೊತ್ತಿರುವುದು ಇಷ್ಟೇ. ಒಂದು ಫೋಟೋ ಕೂಡ ಇಲ್ಲ. ಆ ಕಾಲದಲ್ಲಿ ನಾಟಕದ ದೃಶ್ಯಗಳನ್ನು ತಾಮ್ರದ ತಗಡಿನ ಮೇಲೆ ಕೊರೆದು, ಮಸಿ ಬಳಿದು, ಕಾಗದಕ್ಕೆ ಅಚ್ಚೊತ್ತಿ ಮಾರುತ್ತಿದ್ದರಂತೆ. ಅವುಗಳಲ್ಲಿ ನಾಟಕದ ಹೆಸರಿರುತ್ತದೆ, ನಟಿಯ ಹೆಸರಿರುವುದಿಲ್ಲ. ಎಡಗೈಯಲ್ಲಿ ಕಠಾರಿ ಎತ್ತಿದ ರಾಣಿ ಸಿಕ್ಕರೆ ಅವಳೇ ಅಜ್ಜಿ ಎಂದು ಅಮ್ಮ ಸಿಕ್ಕಸಿಕ್ಕ ಹಳೇ ಸಾಮಾನಿನ ಅಂಗಡಿಯಲ್ಲೆಲ್ಲ ರಾಣಿಯ ಚಿತ್ರಗಳನ್ನು ಕಟ್ಟುಗಟ್ಟಲೆ ಕೊಂಡು ತಂದಳು. ಬಲಗೈ ರಾಣಿಯರೆಲ್ಲ ಮಂಚದ ಕೆಳಗಿನ ಪೆಟ್ಟಿಗೆ ಸೇರಿದರು.

ಈಗ ಅವಳ ಕಣ್ಣು ಮಂಜಾಗುತ್ತಿದೆ. ಡಾಕ್ಟರು ಇನ್ನು ಸುಧಾರಿಸುವುದಿಲ್ಲ ಎಂದುಬಿಟ್ಟಿದ್ದಾರೆ. ಪೂರ್ತಿ ಕತ್ತಲಾಗುವ ಮೊದಲು ಅಜ್ಜಿಯ ಮುಖ ಒಮ್ಮೆ ನೋಡಬೇಕು ಎಂಬುದೊಂದೇ ಅವಳ ಹಟ.

ನಿನ್ನೆ ಅಂಗಡಿಯಿಂದ ಕುಣಿಯುತ್ತಲೇ ಬಂದಳು.

“ಸಿಕ್ಕಿದ್ಲು ಕಣೇ! ನೋಡು, ಎಡಗೈ!”

ಭೂತಗನ್ನಡಿ ಹಿಡಿದು ನೋಡಿದೆ. ಎಡಗೈಯೇ, ಸುಳ್ಳಲ್ಲ. ಆದರೆ ಹಿಂದೆ ನಿಂತ ಕಾವಲುಗಾರರ ಕತ್ತಿಗಳು ಯಾಕೋ ಕಣ್ಣಿಗೆ ಚುಚ್ಚಿದವು. ಎಲ್ಲರ ಕತ್ತಿಯೂ ಬಲಸೊಂಟದಲ್ಲಿ! ಬಲಗೈಯವನು ಕತ್ತಿಯನ್ನು ಎಡಸೊಂಟಕ್ಕೆ ಕಟ್ಟುತ್ತಾನೆ. ಇಡೀ ಸೈನ್ಯವೇ ಎಡಚರದ್ದಾ?

“ಅಮ್ಮಾ, ಇದು ಉಲ್ಟಾ ಚಿತ್ರ. ಅಡಿಯಲ್ಲಿರೋ ಅಕ್ಷರ ಮಾತ್ರ ತಿರುಗಿಸಿ ಕೊರೆದಿದ್ದಾನೆ ಪುಣ್ಯಾತ್ಮ, ಚಿತ್ರಾನ ತಗಡಿನ ಮೇಲೆ ಕಂಡ ಹಾಗೇ ಕೊರೆದಿದ್ದಾನೆ. ಅಚ್ಚಲ್ಲಿ ಎಡ ಬಲ ಅದಲುಬದಲು. ಇವಳು ಬಲಗೈಯವಳು.”

ಅಮ್ಮನ ಮುಖ ಸಪ್ಪಗಾಯಿತು. ಬಾಯಿ ಮುಚ್ಚಿಕೊಂಡು ಇರಬಾರದಿತ್ತೇ ನಾನು!

ಸ್ವಲ್ಪ ಹೊತ್ತಿಗೆ ಅವಳೇ ಕೆರಳಿದಳು. “ದಿನವಿಡೀ ರಬ್ಬರ್ ಸ್ಟಾಂಪ್ ಮಾಡೋಳು ನೀನು. ಅಕ್ಷರ ಉಲ್ಟಾ ಮಾಡೋದೇ ನಿನ್ನ ಹೊಟ್ಟೆಪಾಡು. ಇದು ಇವತ್ತು ಹೊಳೀತಾ? ಹಾಗಾದ್ರೆ ಉಲ್ಟಾ ಚಿತ್ರದಲ್ಲಿ ನಮ್ಮಜ್ಜಿ ಬಲಗೈಯವಳ ಹಾಗೆ ಕಾಣ್ತಾಳೆ ತಾನೆ? ಎಳಿ ಆ ಪೆಟ್ಟಿಗೆ!”

ನೆಲದ ತುಂಬ ರಾಣಿಯರನ್ನು ಹರಡಿಕೊಂಡು ಕೂತೆವು. ರಾಣಿಯ ಕೈ ಬಿಟ್ಟು ಕಾವಲುಗಾರರ ಸೊಂಟ ನೋಡುತ್ತಾ ಹೋದೆ. ಎಡಸೊಂಟ, ಎಡಸೊಂಟ, ಮತ್ತೆ ಎಡಸೊಂಟ. ಇನ್ನೇನು ಪೆಟ್ಟಿಗೆ ಖಾಲಿ ಎನ್ನುವಾಗ ಒಂದು ಚಿತ್ರ ಬಂತು. ರಾಣಿಯ ಕಠಾರಿ ಬಲಗೈಯಲ್ಲಿ, ಕತ್ತಿಗಳೆಲ್ಲ ಬಲಸೊಂಟದಲ್ಲಿ. “ಅಮ್ಮಾ, ಇಲ್ಲಿ!” ಎಂದೆ.

ಅಮ್ಮ ಅದನ್ನು ಕಸಿದುಕೊಂಡು ಕನ್ನಡಿಯ ಮುಂದೆ ಹೋದಳು. ತನ್ನ ಕೆನ್ನೆಯ ಪಕ್ಕದಲ್ಲೇ ಚಿತ್ರ ಹಿಡಿದು, ಮೂಗು ಗಾಜಿಗೆ ತಾಗುವಷ್ಟು ಬಾಗಿದಳು. ಕನ್ನಡಿಯೊಳಗೆ ಕಠಾರಿ ಎಡಗೈಗೆ ಬಂದಿತ್ತು. ಅಮ್ಮನದೇ ಗಲ್ಲ, ಅಮ್ಮನದೇ ಹುಬ್ಬು.

“ಅಯ್ಯೋ ಅಜ್ಜೀ,” ಎಂದು ಅತ್ತೇಬಿಟ್ಟಳು. “ಕಣ್ಣು ಚೆನ್ನಾಗಿದ್ದಾಗೆಲ್ಲ ನಿನ್ನನ್ನ ಮಂಚದ ಕೆಳಗೇ ಇಟ್ಕೊಂಡು ಮಲಗಿದ್ನಲ್ಲೇ!”