ಮೊಯಿದಿನಬ್ಬರು ಕೊನೆಯನ್ನು ಹೇಳಿಬಿಟ್ಟರು

ನಲವತ್ತೈದನೆಯ ವಯಸ್ಸಿನಲ್ಲಿ ಸಿನಿಮಾ ಮಾಡಲು ಹೊರಟ ಹೆಂಗಸಿನ ಬಗ್ಗೆ ಊರು ಏನೇನು ಹೇಳಬಹುದೋ ಅದನ್ನೆಲ್ಲ ಹೇಳಿ ಮುಗಿಸಿತ್ತು. ಮಾಣಿಯ ಅಂಗನವಾಡಿ ಟೀಚರ್ ಸ್ವರ್ಣಲತಾ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಇಪ್ಪತ್ತು ವರ್ಷದಿಂದ ಇಪ್ಪತ್ತೈದು ಮಕ್ಕಳ ಅಳುವನ್ನು ಒಟ್ಟಿಗೆ ಕೇಳಿದವಳಿಗೆ ಊರವರ ಮಾತು ಯಾವ ಲೆಕ್ಕ? ಮೂಡಬಿದಿರೆಯಲ್ಲಿ ಮೂರು ಆದಿತ್ಯವಾರ ಕಿರುಚಿತ್ರ ಮಾಡುವುದನ್ನು ಉಚಿತವಾಗಿ ಕಲಿಸುತ್ತಾರೆ ಎಂದು ಮಗಳು ಪ್ರಾಪ್ತಿ ಫೋನಿನಲ್ಲಿ ತೋರಿಸಿದ್ದೇ ತಡ, ಹೆಸರು ಕೊಟ್ಟುಬಿಟ್ಟಳು. ಶಿಬಿರಕ್ಕೆ ವಯಸ್ಸಿನ ಮಿತಿ ನಲವತ್ತೈದು. ಬರುವ ವರ್ಷ ಅವಳನ್ನು ಬಾಗಿಲಿನ ಒಳಗೆ ಬಿಡುತ್ತಿರಲಿಲ್ಲ.

ಕಲಿಸುತ್ತಿದ್ದವನು ಉಜ್ವಲ್ ಎಂಬ ಇಪ್ಪತ್ತೇಳರ ಹುಡುಗ. ಬಂದವರಲ್ಲಿ ಹೆಚ್ಚಿನವರು ಕಾಲೇಜಿನವರು, ಎಲ್ಲರ ಕೈಯಲ್ಲೂ ಇವಳದ್ದಕ್ಕಿಂತ ಒಳ್ಳೆಯ ಫೋನು. ಆದರೆ ಸ್ವರ್ಣಲತಾಳ ತಲೆಯಲ್ಲಿ ಒಂದು ಕಥೆ ಇತ್ತು. ಒಬ್ಬಳು ಮುದುಕಿ ದಿನಾ ಮಾಣಿಯ ಬಸ್‌ ಸ್ಟ್ಯಾಂಡಿಗೆ ಬರುತ್ತಾಳೆ. ಬಸ್ಸು ಬಂದಾಗಲೆಲ್ಲ ಪಕ್ಕದಲ್ಲಿದ್ದವರ ಹತ್ತಿರ "ಬೋರ್ಡಿನಲ್ಲಿ ಎಂತ ಬರೆದದ್ದು?" ಎಂದು ಓದಿಸಿಕೊಳ್ಳುತ್ತಾಳೆ. ಯಾವ ಬಸ್ಸನ್ನೂ ಹತ್ತುವುದಿಲ್ಲ. ಕೊನೆಗೆ ಮನೆಗೆ ಹೋಗಿ ಬಾಗಿಲು ಹಾಕಿ, ಕನ್ನಡಕ ಏರಿಸಿ, ಅಂದಿನ ಪೇಪರನ್ನು ಮೊದಲಿನಿಂದ ಕೊನೆಯವರೆಗೆ ಸರಾಗವಾಗಿ ಓದುತ್ತಾಳೆ. ಅಷ್ಟೇ ಕಥೆ. ಉಜ್ವಲ್ ಅದನ್ನು ಕೇಳಿ ಕುರ್ಚಿಯಿಂದ ಎದ್ದೇಬಿಟ್ಟ.

"ಮೇಡಂ, ನಿಮ್ಮ ಸಿನಿಮಾದ ಜೀವ ಇರುದೇ ಕೊನೆಯಲ್ಲಿ. ಅದನ್ನು ಮಾತ್ರ ಯಾರಿಗೂ ಬಿಟ್ಟುಕೊಡ್ಬೇಡಿ" ಎಂದ.

ಅವಳು ಬಿಟ್ಟುಕೊಡಲಿಲ್ಲ. ಗಂಡನಿಗೂ ಹೇಳಲಿಲ್ಲ. ಮುದುಕಿಯ ಪಾತ್ರಕ್ಕೆ ಪಕ್ಕದ ಮನೆಯ, ಬೀಡಿ ಕಟ್ಟುವ ಅಮ್ಮಣಿಯನ್ನು ಒಪ್ಪಿಸಿದಳು. ಪಾತ್ರಕ್ಕೂ ಅದೇ ಹೆಸರಿಟ್ಟಳು, ಕರೆದಾಗ ತಿರುಗಿ ನೋಡಲಿ ಎಂದು. ಮೊದಲ ದಿನ ಅಮ್ಮಣಿ ಆಧಾರ್ ಕಾರ್ಡಿನ ಫೋಟೋಕ್ಕೆ ನಿಂತ ಹಾಗೆ ಕ್ಯಾಮರಾವನ್ನೇ ನೋಡುತ್ತ ನಿಂತಳು. ಎರಡನೆಯ ದಿನ ಚೆನ್ನಾಗಿಯೇ ಮಾಡಿದಳು, ಆದರೆ ಸ್ವರ್ಣಲತಾ ಫೋನನ್ನು ಉದ್ದಕ್ಕೆ ಹಿಡಿದಿದ್ದರಿಂದ ಬಸ್ಸಿನ ಬೋರ್ಡೇ ಚೌಕಟ್ಟಿನ ಹೊರಗೆ ಉಳಿಯಿತು. ಮೂರನೆಯ ದಿನದ ಮಾತನ್ನೆಲ್ಲ ಗಾಳಿ ನುಂಗಿತು. ನಾಲ್ಕನೆಯ ದಿನ ಮಾತು ಸಿಕ್ಕಿತು, ಆದರೆ ಅದು ಏಳನೇ ಕ್ಲಾಸಿನ ಮಕ್ಕಳು ವಾರ್ಷಿಕೋತ್ಸವದಲ್ಲಿ ಒಪ್ಪಿಸುವ ಕನ್ನಡವಾಗಿತ್ತು. "ಬರೆದದ್ದನ್ನು ಬಿಡಿ ಅಕ್ಕ, ತುಳುವಿನಲ್ಲೇ ಮಾತಾಡಿ" ಎಂದದ್ದೇ ತಡ, ಅಮ್ಮಣಿಯ ಮುಖಕ್ಕೆ ಜೀವ ಬಂತು. ಆರು ವಾರ ಹೀಗೆ ಬಿದ್ದು ಎದ್ದು, ಹದಿನಾಲ್ಕು ನಿಮಿಷದ ‘ಬೋರ್ಡು’ ತಯಾರಾಯಿತು.

ಉಜ್ವಲ್ ಅದನ್ನು ಆಯ್ಕೆಯಾದ ಐದು ಚಿತ್ರಗಳ ಪಟ್ಟಿಗೆ ಸೇರಿಸಿದ. ಆ ಐವರಿಗೆ ಮುಂದಿನ ತಿಂಗಳು ದೊಡ್ಡ ಕ್ಯಾಮರಾದಲ್ಲಿ ತರಬೇತಿ. ಆದರೆ ಒಂದು ಶರತ್ತು. ತಮ್ಮ ಊರಿನಲ್ಲೇ ನೂರು ಜನರನ್ನು ಎದುರು ಕೂರಿಸಿ ಚಿತ್ರ ತೋರಿಸಬೇಕು, ಅವರ ಸಹಿ ಇರುವ ಪುಸ್ತಕ ತರಬೇಕು. ನೆಂಟರು ಲೆಕ್ಕಕ್ಕಿಲ್ಲ, ಯೂಟ್ಯೂಬಿನವರೂ ಲೆಕ್ಕಕ್ಕಿಲ್ಲ.

"ಫೋನಿನಲ್ಲಿ ನೋಡಿದವರು ಒಂದು ಹೃದಯ ಒತ್ತಿ ಬಿಡ್ತಾರೆ" ಎಂದಿದ್ದ. "ಎದುರು ಕೂತವರು ಬೇಜಾರಾದ್ರೆ ಎದ್ದು ಹೋಗ್ತಾರೆ. ಯಾರು ಯಾವಾಗ ಎದ್ದು ಹೋಗ್ತಾರೆ ಅಂತ ನೋಡಿಯೇ ಕಲಿಯಬೇಕು."

ಸಿನಿಮಾ ಮಾಡುವುದು ಕಷ್ಟ ಅಂದುಕೊಂಡಿದ್ದ ಸ್ವರ್ಣಲತಾಳಿಗೆ, ಅದನ್ನು ನೋಡಲು ನೂರು ಜನರನ್ನು ಕರೆಯುವುದು ಅದಕ್ಕಿಂತ ದೊಡ್ಡ ತಲೆನೋವೆಂದು ಆಗ ಗೊತ್ತಾಯಿತು. ಪ್ರಾಪ್ತಿ ‘ಊಹಿಸಲಾಗದ ಕ್ಲೈಮ್ಯಾಕ್ಸ್!’ ಎಂದು ಪೋಸ್ಟರ್ ಮಾಡಿ ಇನ್‌ಸ್ಟಾಗ್ರಾಮಿಗೆ ಹಾಕಿದಳು. ಹತ್ತೊಂಬತ್ತು ಲೈಕು ಬಂತು. ಅದರಲ್ಲಿ ಹನ್ನೆರಡು ಪ್ರಾಪ್ತಿಯ ನರ್ಸಿಂಗ್ ಕಾಲೇಜಿನವರದ್ದು, ಅವರೆಲ್ಲ ಇರುವುದು ಮಂಗಳೂರಿನ ಹಾಸ್ಟೆಲಿನಲ್ಲಿ.

ಕೊನೆಗೆ ಅವಳು ಹೋದದ್ದು ಮೈಕ್ ಮೊಯಿದಿನಬ್ಬರ ಮನೆಗೆ. ರಿಕ್ಷಾಕ್ಕೆ ಎರಡು ಹಾರ್ನ್ ಕಟ್ಟಿಕೊಂಡು, ಯಕ್ಷಗಾನದಿಂದ ಹಿಡಿದು ಕಬಡ್ಡಿ, ರಕ್ತದಾನ ಶಿಬಿರ, ಪಲ್ಸ್ ಪೋಲಿಯೋ ತನಕ ಎಲ್ಲವನ್ನೂ ನಲವತ್ತು ವರ್ಷದಿಂದ ಕೂಗಿ ಹೇಳಿದವರು ಅವರು. ಅವರ ದನಿ ಕೇಳದೆ ಬಂಟ್ವಾಳ ತಾಲೂಕಿನಲ್ಲಿ ಬೆಳೆದವರು ಕಡಿಮೆ.

"ನೋಡದೆ ನಾನು ಹೇಳುದಿಲ್ಲ ಟೀಚರೇ" ಎಂದು ಮೊಯಿದಿನಬ್ಬರು ಪಟ್ಟು ಹಿಡಿದರು. "ಸುಳ್ಳು ಹೇಳಿ ಜನ ಸೇರಿಸಿದವ ಅಂತ ಆಗ್ಬಾರ್ದು."

ಅವಳು ಫೋನಿನಲ್ಲೇ ತೋರಿಸಿದಳು. ಮುಗಿದ ಮೇಲೆ ಮುದುಕರು ಹೆಗಲ ಮೇಲಿನ ಬೈರಾಸಿನಿಂದ ಕಣ್ಣು ಒರೆಸಿಕೊಂಡರು. "ಒಳ್ಳೆದುಂಟು. ಇದನ್ನು ನಾನು ಹೇಳ್ತೇನೆ" ಎಂದರು. ಸ್ವರ್ಣಲತಾ ನಿಶ್ಚಿಂತೆಯಿಂದ ಮನೆಗೆ ಬಂದಳು. ಅದೇ ಅವಳು ಮಾಡಿದ ತಪ್ಪು.

ಗುರುವಾರ ಮಧ್ಯಾಹ್ನ ಅವಳು ಮಕ್ಕಳಿಗೆ ಅನ್ನ ಸಾಂಬಾರು ಬಡಿಸುತ್ತಿದ್ದಾಗ ದೂರದಿಂದ ರಿಕ್ಷಾದ ದನಿ ಕೇಳಿತು. "ಟೀಚರ್ ಹೆಸ್ರು! ಟೀಚರ್ ಹೆಸ್ರು!" ಎಂದು ಮಕ್ಕಳು ಬಟ್ಟಲು ಬಿಟ್ಟು ಕುಣಿದರು. ಅವಳಿಗೂ ಒಳಗೊಳಗೇ ಖುಷಿಯಾಯಿತು.

"ಕಲಾಭಿಮಾನಿ ಬಂಧುಗಳೇ! ಇದೇ ಬರುವ ಆದಿತ್ಯವಾರ, ಸಂಜೆ ನಾಲ್ಕು ಗಂಟೆಗೆ ಸರಿಯಾಗಿ, ಮಾಣಿಯ ಯುವಕ ಮಂಡಲದ ಸಭಾಭವನದಲ್ಲಿ, ನಮ್ಮದೇ ಊರಿನ ಅಂಗನವಾಡಿ ಟೀಚರ್ ಸ್ವರ್ಣಲತಾ ಅವರು ತಯಾರಿಸಿದ ಕಿರುಚಿತ್ರ, ‘ಬೋರ್ಡು’! ದಿನಾಲೂ ಕಂಡವರ ಕೈಯಲ್ಲಿ ಬಸ್ಸಿನ ಬೋರ್ಡು ಓದಿಸುವ ಅಮ್ಮಣಿಗೆ ಓದಲು ಬರುತ್ತದೆ! ಹೌದು ಬಂಧುಗಳೇ, ಓದಲು ಬರುತ್ತದೆ! ಮನೆಗೆ ಹೋಗಿ ಇಡೀ ಪೇಪರನ್ನು ಓದಿ ಮಡಚಿಡುತ್ತಾಳೆ! ಹಾಗಾದರೆ ಓದಿಸಿದ್ದೇಕೆ? ಬನ್ನಿರಿ, ನೋಡಿರಿ!"

ಸ್ವರ್ಣಲತಾ ಸೌಟು ಹಿಡಿದುಕೊಂಡೇ ರಸ್ತೆಗೆ ಓಡಿದಳು. ರಿಕ್ಷಾ ನಿಂತಿತು.

"ಕಾಕ! ಎಂತ ಮಾಡಿದ್ರಿ ನೀವು? ಕೊನೆಯನ್ನೇ ಹೇಳಿಬಿಟ್ರಲ್ಲ!"

"ಮತ್ತೆ ಎಂತ ಹೇಳುದು?" ಮೊಯಿದಿನಬ್ಬರಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. "ಕಥೆ ಗೊತ್ತಿಲ್ಲದ ಆಟಕ್ಕೆ ಯಾರು ಬರ್ತಾರೆ ಟೀಚರೇ? ಯಕ್ಷಗಾನದಲ್ಲಿ ಯಾರು ಗೆಲ್ತಾರೆ, ಯಾರು ಸಾಯ್ತಾರೆ ಅಂತ ಸಣ್ಣ ಮಕ್ಕಳಿಗೂ ಗೊತ್ತುಂಟು. ಆದ್ರೂ ಚಾಪೆ ಹಿಡ್ಕೊಂಡು ಬರ್ತಾರಲ್ಲ?"

"ಅದು ಯಕ್ಷಗಾನ, ಇದು ಸಿನಿಮಾ! ಎಲ್ಲೆಲ್ಲಿ ಹೇಳಿ ಆಯ್ತು?"

"ಬಿ.ಸಿ.ರೋಡಿಂದ ಶುರು ಮಾಡಿದ್ದು. ಮೆಲ್ಕಾರ್ ಆಯ್ತು, ಕಲ್ಲಡ್ಕ ಆಯ್ತು. ಕಲ್ಲಡ್ಕದಲ್ಲಿ ಎರಡು ರೌಂಡ್ ಹೊಡೆದೆ."

ಎರಡು ರೌಂಡ್! ಸ್ವರ್ಣಲತಾಳ ಸಿಟ್ಟು ನೆತ್ತಿಗೇರಿತು. ಆಡಬಾರದ ಮಾತು ಬಾಯಿಗೆ ಬಂತು. "ನಿಮ್ಮಂಥವರ ಹತ್ರ ಹೇಳಿದ್ದೇ ನನ್ನ ತಪ್ಪು. ಇನ್ನು ಮೈಕ್ ಹಾಕ್ಬೇಡಿ, ಸಾಕು."

ಮೊಯಿದಿನಬ್ಬರು ಅವಳ ಮುಖವನ್ನೊಮ್ಮೆ ನೋಡಿದರು. ಮೈಕ್ ಆಫ್ ಮಾಡಿ ರಿಕ್ಷಾ ತಿರುಗಿಸಿದರು. ನಲವತ್ತು ವರ್ಷದಲ್ಲಿ ಆ ರಿಕ್ಷಾ ಹಗಲು ಹೊತ್ತು ಸದ್ದಿಲ್ಲದೆ ಮನೆಗೆ ಹೋದದ್ದು ಅದೇ ಮೊದಲಿರಬೇಕು. ಸ್ವರ್ಣಲತಾ ಒಳಗೆ ಬಂದು ಮಕ್ಕಳ ಎದುರೇ ಅತ್ತಳು. ದೊಡ್ಡ ಕ್ಯಾಮರಾ ಕೈತಪ್ಪಿತು, ಇನ್ನು ಅವಳ ಪಾಲಿಗೆ ಇನ್ನೊಂದು ವರ್ಷ ಎಂಬುದಿಲ್ಲ.

ಸಂಜೆ ಪ್ರಾಪ್ತಿ ಫೋನ್ ಹಿಡಿದುಕೊಂಡು ನಗುತ್ತ ಬಂದಳು. "ಅಮ್ಮ, ಊರಿನ ಗ್ರೂಪಿನಲ್ಲಿ ಇದೇ ಮಾತು. ಓದ್ಲಿಕ್ಕೆ ಬರುವವಳು ಯಾಕೆ ಓದಿಸ್ತಾಳೆ ಅಂತ. ಒಬ್ಬರು ಕನ್ನಡಕ ಮರೆತಿರ್ಬೇಕು ಅಂತಾರೆ. ಇನ್ನೊಬ್ಬರು, ಕಂಡಕ್ಟರನ ಮೇಲೆ ಏನೋ ಸಂಶಯ ಅಂತಾರೆ. ಕಲ್ಲಡ್ಕದ ಹೋಟೆಲಲ್ಲಿ ಚಾ ತಣ್ಣಗಾಗುವಷ್ಟು ಹೊತ್ತು ಚರ್ಚೆ ಆಯ್ತಂತೆ."

"ನಗು ನೀನು" ಎಂದಳು ಸ್ವರ್ಣಲತಾ. "ಗೊತ್ತಿದ್ದದ್ದನ್ನು ನೋಡ್ಲಿಕ್ಕೆ ಯಾರು ಬರ್ತಾರೆ?"

ಅಮ್ಮಣಿಯ ಪಾಡು ಬೇರೆಯೇ. ರೇಷನ್ ಅಂಗಡಿಯ ಕ್ಯೂನಲ್ಲಿ ಜನ ಅವಳನ್ನು ಮುತ್ತಿಕೊಂಡರು. ಅವಳು ಸೆರಗು ಸರಿಮಾಡಿಕೊಂಡು, "ನಾನು ಹೇಳುದಿಲ್ಲ. ಬಂದು ನೋಡಿ" ಎಂದು ದೊಡ್ಡ ನಟಿಯ ಗತ್ತಿನಲ್ಲೇ ಅಂದಳು.

ಆದಿತ್ಯವಾರ ಮೂರೂವರೆಗೆ ಸಭಾಭವನದ ಎಂಬತ್ತು ಕುರ್ಚಿ ತುಂಬಿತು. ಆಮೇಲೆ ಬಂದವರು ಗೋಡೆಗೆ ಒರಗಿ ನಿಂತರು. ಕಿಟಕಿಗೆ ಕಪ್ಪು ಬಟ್ಟೆ ಕಟ್ಟುತ್ತಿದ್ದ ಸ್ವರ್ಣಲತಾ ನಂಬಲಾಗದೆ ಹೊರಗೆ ಇಣುಕಿದಳು. ಗೇಟಿನ ಹತ್ತಿರ ಮೊಯಿದಿನಬ್ಬರು ಕೈ ಮೈಕು ಹಿಡಿದು, ಬಸ್ಸಿನಿಂದ ಇಳಿದವರನ್ನೆಲ್ಲ ಒಳಗೆ ಕಳಿಸುತ್ತಿದ್ದರು. ಯಾರೂ ಕರೆಯದೆ ಬಂದಿದ್ದರು. ಅವಳು ನೋಡಿದ್ದನ್ನು ನೋಡಿಯೂ ನೋಡದವರ ಹಾಗೆ ಮುಖ ತಿರುಗಿಸಿದರು. ಅವಳಿಗೆ ನಾಚಿಕೆಯಾಯಿತು.

ಚಿತ್ರ ಶುರುವಾಯಿತು. ಸ್ವರ್ಣಲತಾ ಕೊನೆಯ ಸಾಲಿನ ಹಿಂದೆ ನಿಂತು, ಎದ್ದು ಹೋಗುವವರನ್ನು ಎಣಿಸಲು ಸಿದ್ಧಳಾದಳು. ಮೂರನೆಯ ನಿಮಿಷ. ಕಿವಿಗೆ ಇಯರ್‌ಫೋನ್ ಹಾಕಿಕೊಂಡ ಹುಡುಗಿಯ ತೋಳು ಮುಟ್ಟಿ ಅಮ್ಮಣಿ ಬೋರ್ಡು ತೋರಿಸುತ್ತಾಳೆ. ಹುಡುಗಿ ಒಂದು ಕಿವಿಯದ್ದನ್ನು ತೆಗೆದು "ಕೊಕ್ಕಡ" ಎಂದು ಓದುತ್ತಾಳೆ. ಮತ್ತೆ ಅದನ್ನು ಕಿವಿಗೆ ಹಾಕಿಕೊಳ್ಳಲು ಹೊರಟವಳು, ಏನನ್ನೋ ಯೋಚಿಸಿ, "ಅಜ್ಜಿ, ನೀವು ಎಲ್ಲಿಗೆ ಹೋಗುದು?" ಎಂದು ಕೇಳುತ್ತಾಳೆ. ಅಮ್ಮಣಿಯ ತುಟಿಯ ತುದಿಯಲ್ಲಿ ಒಂದು ಸಣ್ಣ ನಗು. ಬೆಳಕು ಸರಿಯಿಲ್ಲವೆಂದು ಸ್ವರ್ಣಲತಾ ಕತ್ತರಿಸಿಬಿಡಬೇಕೆಂದಿದ್ದ ದೃಶ್ಯ ಅದು.

ಸಭೆಯಲ್ಲಿ ಒಂದು ನಗು ಎದ್ದಿತು. ಎದ್ದದ್ದು ಹಾಗೆಯೇ ಅಡಗಿತು.

"ಪಾಪ" ಎಂದ ಎದುರಿನ ಸಾಲಿನಿಂದ ಯಾರೋ ಒಬ್ಬ. "ಮಾತಾಡ್ಲಿಕ್ಕೆ ಮಾರಾಯ, ಬೇರೆ ಎಂತದಕ್ಕೂ ಅಲ್ಲ."

ಯಾರೋ ಮೂಗು ಎಳೆದುಕೊಂಡರು. ಆಮೇಲೆ ಒಬ್ಬರೂ ಅಲುಗಾಡಲಿಲ್ಲ. ಒಂದೊಂದು ಬಸ್ಸು ಬಂದಾಗಲೂ ಇಡೀ ಸಭೆ ಆ ಮುದುಕಿಯ ಮುಖವನ್ನೇ ನೋಡುತ್ತಿತ್ತು. ಇವಳಿಗೆ ಓದಲು ಬರುತ್ತದೆಂದು ಗೊತ್ತಿದ್ದುದರಿಂದಲೇ ಅವಳ ಒಂದೊಂದು ಪ್ರಶ್ನೆಯೂ ಅವರ ಮನಸ್ಸಿಗೆ ತಾಗುತ್ತಿತ್ತು. ನೂರು ಸಲ ನೋಡಿದ್ದ ತನ್ನ ಸಿನಿಮಾವನ್ನು ಸ್ವರ್ಣಲತಾ ಅಂದೇ ಮೊದಲು ನೋಡಿದಳು.

ನಂತರ ಆ ಕೊನೆ ಬಂತು. ಅವಳ ಹೆಮ್ಮೆಯ ಕೊನೆ, ಪಿಟೀಲು ಹಾಕಿದ ಎರಡು ನಿಮಿಷ. ಬಾಗಿಲು, ಕನ್ನಡಕ, ಪೇಪರು. ಯಾರೂ ಉಸಿರು ಬಿಗಿಹಿಡಿಯಲಿಲ್ಲ. ಯಾರೋ ಕೆಮ್ಮಿದರು, ಒಬ್ಬಳು ಮಗುವಿಗೆ ನೀರು ಕುಡಿಸಲು ಹೊರಗೆ ಹೋದಳು, ಮೂರು ನಾಲ್ಕು ಫೋನುಗಳು ಬೆಳಗಿದವು. ಎದ್ದು ಹೋದವರು ಒಂಬತ್ತು ಜನ. ಸ್ವರ್ಣಲತಾಳಿಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ತಾನು ಕೂತಿದ್ದರೆ ತಾನೂ ಏಳುತ್ತಿದ್ದೆ ಅನ್ನಿಸಿತು.

ಸಹಿ ಹಾಕಿಸಿ, ನೆಂಟರನ್ನು ಕಳೆದು ನೋಡಿದರೆ ನೂರ ಹದಿನೇಳು. ಅಲ್ಲಿಂದಲೇ ಉಜ್ವಲನಿಗೆ ಫೋನ್ ಮಾಡಿದಳು. ಅವನು ಖುಷಿಯಿಂದ ಶುಭಾಶಯ ಹೇಳಿದ. ಅಷ್ಟಕ್ಕೇ ಫೋನ್ ಇಟ್ಟಿದ್ದರೆ ಆಗುತ್ತಿತ್ತು. ಅವಳು ಇಡಲಿಲ್ಲ.

"ಸರ್, ಪೇಪರ್ ಓದುವ ಸೀನನ್ನು ನಾನು ಮೊದಲಿಗೆ ತರ್ತೇನೆ. ಅವಳಿಗೆ ಓದ್ಲಿಕ್ಕೆ ಬರ್ತದೆ ಅಂತ ಶುರುವಿಗೇ ಗೊತ್ತಾಗ್ಲಿ."

"ಮೇಡಂ, ಆ ಟ್ವಿಸ್ಟ್ ನೋಡಿಯೇ ನಾನು ನಿಮ್ಮನ್ನು ಸೆಲೆಕ್ಟ್ ಮಾಡಿದ್ದು. ಅದನ್ನು ತೆಗೆದ್ರೆ ಪಟ್ಟಿಯಲ್ಲಿ ನಿಮ್ಮ ಹೆಸರು ಉಳೀತದಾ ಅಂತ ನಾನು ಹೇಳ್ಲಿಕ್ಕೆ ಆಗುದಿಲ್ಲ."

ಸುಮ್ಮನಿದ್ದರೆ ಕ್ಯಾಮರಾ ಕೈಯಲ್ಲಿದ್ದಂತೆಯೇ. ಆದರೆ ಕಂಡದ್ದನ್ನು ಕಂಡಿಲ್ಲ ಎನ್ನುವುದು ಹೇಗೆ?

"ಸರ್" ಎಂದಳು. ಮಾತು ನಿಧಾನವಾಗಿ, ಒಂದೊಂದೇ ಶಬ್ದವಾಗಿ ಬಂತು. "ನೀವು ಒಬ್ಬರೇ ಕೂತು ನೋಡಿದ್ದೀರಿ. ನಾನು ನೂರ ಹದಿನೇಳು ಜನರ ಬೆನ್ನ ಹಿಂದೆ ನಿಂತು ನೋಡಿದ್ದೇನೆ."

ಅವನು ಕೇಳಿದ: "ಎಷ್ಟು ಜನ ಎದ್ದು ಹೋದ್ರು? ಯಾವಾಗ?"

"ಒಂಬತ್ತು. ಎಲ್ಲ ಆ ಕೊನೆಯಲ್ಲೇ."

"ಅದಕ್ಕಿಂತ ಮೊದಲು?"

"ಒಬ್ಬರೂ ಇಲ್ಲ."

"ಬದಲಿಸಿ ಮೇಡಂ" ಎಂದ ಉಜ್ವಲ್. ಅವನ ದನಿ ಮೆತ್ತಗಾಗಿತ್ತು. "ಒಂದನೇ ತಾರೀಕಿಗೆ ಬೆಳಿಗ್ಗೆ ಒಂಬತ್ತಕ್ಕೆ ಕ್ಲಾಸು. ತಡ ಮಾಡ್ಬೇಡಿ."

ಗೇಟಿನ ಹತ್ತಿರ ಮೊಯಿದಿನಬ್ಬರು ವೈರು ಸುತ್ತುತ್ತಿದ್ದರು. ಅಮ್ಮಣಿ ಪಕ್ಕದಲ್ಲಿ ನಿಂತು, ಹೋಗುವವರು ಬರುವವರು ಹೊಗಳಿದ್ದನ್ನೆಲ್ಲ ನಾಚದೆ ಸ್ವೀಕರಿಸುತ್ತಿದ್ದಳು. ಸ್ವರ್ಣಲತಾ ಹೋಗಿ ವೈರಿನ ಇನ್ನೊಂದು ತುದಿ ಹಿಡಿದಳು.

"ಕಾಕ, ಅವತ್ತು ಹೇಳಿದ್ದು ತಪ್ಪಾಯ್ತು. ನಿಮ್ಮಿಂದಲೇ ಗೊತ್ತಾದದ್ದು ನನಗೆ. ಕೊನೆಯನ್ನು ಶುರುವಿಗೆ ತರ್ತಾ ಇದ್ದೇನೆ."

"ಬಿಡಿ ಟೀಚರೇ, ಸಿಟ್ಟಲ್ಲಿ ಹೇಳಿದ್ದಲ್ವಾ" ಎಂದರು ಮೊಯಿದಿನಬ್ಬರು. ಸ್ವಲ್ಪ ಯೋಚಿಸಿ ತಲೆಯೆತ್ತಿದರು. "ಕೊನೆ ಶುರುವಿಗೆ ಬಂದ್ರೆ, ಕೊನೆಗೆ ಎಂತ ಇಡ್ತೀರಿ?"

ಅದನ್ನು ಸ್ವರ್ಣಲತಾ ಯೋಚಿಸಿರಲೇ ಇಲ್ಲ. ಸಂಜೆಯ ಬಸ್ಸೊಂದು ಸ್ಟ್ಯಾಂಡಿಗೆ ಬಂದು ನಿಂತಿತ್ತು, ಜನ ಹತ್ತುತ್ತಿದ್ದರು.

"ಅಜ್ಜಿಯನ್ನು ಬಸ್ಸು ಹತ್ತಿಸುವ ಅಂತ" ಎಂದಳು ನಿಧಾನವಾಗಿ. "ಆ ಇಯರ್‌ಫೋನಿನ ಹುಡುಗಿಯ ಒಟ್ಟಿಗೆ."

"ಹತ್ತಿಸಿ ಮಾರಾಯ್ರೆ" ಎಂದರು ಮೊಯಿದಿನಬ್ಬರು. "ಎಷ್ಟು ದಿನ ಅಂತ ನಿಲ್ಲಿಸ್ತೀರಿ ಅವರನ್ನು!"