ಗುರುವಾರದ ರಜೆ

ಅತಿಥಿಗೃಹದ ಉದ್ದನೆಯ ಮೇಜಿನ ಆ ಬದಿಯಲ್ಲಿ ಗಡಿಯಾಚೆಯ ಬೆಟ್ಟಗಳನ್ನು ಆಳುವ ದೊಡ್ಡ ಪಡೆಯ ಹಿರಿಯ, ಈ ಬದಿಯಲ್ಲಿ ಸರ್ಕಾರದ ಕಾರ್ಯದರ್ಶಿ, ನಡುವೆ ದುಭಾಷಿ. ಅವಳ ಕೆಲಸಕ್ಕೆ ಒಂದು ವಿಚಿತ್ರ ಕಟ್ಟಳೆ. ಯಾರು ಮಾತಾಡಿದರೂ ಅವರೇ ಆಗಿ ‘ನಾನು’ ಅನ್ನಬೇಕು, ‘ಅವರು ಹೀಗನ್ನುತ್ತಿದ್ದಾರೆ’ ಅನ್ನುವಂತಿಲ್ಲ. ಒಂದು ಉಸಿರಿಗೆ ಬಂದೂಕಿನವರ ಮುಖಂಡ, ಮರು ಉಸಿರಿಗೆ ಸರ್ಕಾರ. ಆ ಕೋಣೆಯಲ್ಲಿ ಅವಳದೇ ಆದ ‘ನಾನು’ ಮಾತ್ರ ಇರಲಿಲ್ಲ. ಬಾಯಾರಿದರೂ ನೀರಿಗೆ ಸನ್ನೆ ಮಾಡುತ್ತಿದ್ದಳು.

ತಕರಾರು ಇನ್ನೊಂದು ಚಿಕ್ಕ ಪಡೆಯ ಬಗ್ಗೆ. ದೊಡ್ಡದರಿಂದಲೇ ಸಿಡಿದು ಬಂದ ಈ ಹುಡುಗರು ಹೊಳೆ ದಾಟಿ ಬಂದು ಈಚೆಯ ಠಾಣೆಗಳ ಮೇಲೆ ಗುಂಡು ಹಾರಿಸುತ್ತಿದ್ದರು, ಮತ್ತೆ ಹೊಳೆ ದಾಟಿ ಮಾಯವಾಗುತ್ತಿದ್ದರು.

“ನೀವು ತಡೀತೀರೋ, ಇಲ್ಲಾ ನಾವೇ ಬಂದು ತಡೀಬೇಕೋ?” ಕಾರ್ಯದರ್ಶಿ ಕೇಳಿದರು.

ಹಿರಿಯ ಕೆಮ್ಮಿ, ಕರವಸ್ತ್ರ ಮಡಿಸಿ, ಉತ್ತರ ಕೊಟ್ಟ. ದುಭಾಷಿ ಅವನಾದಳು. “ಅವರು ನನ್ನ ಮಾತು ಕೇಳಲ್ಲ. ನಮಗೂ ಅವರಿಗೂ ಸಂಬಂಧ ಇಲ್ಲ.”

ಅವಳ ನಾಲಿಗೆ ಹೇಳಿತೇ ಹೊರತು ಮನಸ್ಸು ಒಪ್ಪಲಿಲ್ಲ. ಸಂಬಂಧ ಇಲ್ಲದಿದ್ದರೆ ಆ ಹುಡುಗರ ಗಾಯಾಳುಗಳಿಗೆ ಬೆಟ್ಟದಲ್ಲಿ ಹಾಸಿಗೆ ಹಾಸಿಕೊಡುವವರು ಯಾರು? ಮಗುವನ್ನೂ ಚಿವುಟಿ ತೊಟ್ಟಿಲನ್ನೂ ತೂಗುವ ಜಾತಿ ಇದು ಎಂದುಕೊಂಡಳು. ಹಾಗೆ ಅಂದುಕೊಳ್ಳಲು ಅವಳಿಗೆ ಕಾರಣವೂ ಇತ್ತು. ಅವಳ ಗಂಡ ಹೊಳೆದಂಡೆಯ ಮೂರನೇ ಠಾಣೆಯಲ್ಲಿ ಹವಾಲ್ದಾರ.

ಊಟದ ಹೊತ್ತಿಗೆ ಎರಡೂ ಕಡೆಯವರು ಬೇರೆ ಬೇರೆ ಕೋಣೆಗೆ ಹೋದರು. ಯಾವ ಕಡೆಗೂ ಸೇರದ ದುಭಾಷಿಗೆ ಪಡಸಾಲೆಯ ಬೆಂಚೇ ಗತಿ. ಹಿರಿಯನ ಕೆಮ್ಮು ಗೋಡೆ ದಾಟಿ ಕೇಳುತ್ತಿತ್ತು. ಶತ್ರುವಾದರೇನು, ಕೆಮ್ಮು ಕೆಮ್ಮೇ. ಫ್ಲಾಸ್ಕಿನಿಂದ ಒಂದು ಲೋಟ ಬಿಸಿನೀರು ಬಗ್ಗಿಸಿ ಬಾಗಿಲಲ್ಲಿ ನಿಂತು ಕೊಟ್ಟಳು.

“ನನ್ನ ಮಗಳೂ ಹೀಗೇ. ಕೇಳೋಕೆ ಮುಂಚೆ ತಂದುಕೊಡ್ತಾಳೆ,” ಎಂದ ಮುದುಕ. “ಮನೆಯವರು ಏನ್ಮಾಡ್ತಾರಮ್ಮ?”

ಹೇಳಬಾರದಿತ್ತು. ಬಾಯಿ ಜಾರಿತು. “ಠಾಣೆಯಲ್ಲಿದಾರೆ. ಮೂರನೇದು.”

ಲೋಟ ಅವನ ತುಟಿಯ ಹತ್ತಿರವೇ ನಿಂತಿತು. ಅವನು ಹಿಂದೆ ತಿರುಗಿ ನೋಡಿ ದನಿ ತಗ್ಗಿಸಿದ.

“ಗುರುವಾರ ರಜೆ ಹಾಕೋಕೆ ಹೇಳು ತಾಯಿ. ಹೊಟ್ಟೆನೋವು ಅಂತಲೋ ಏನೋ ಒಂದು.”

ಸಂಬಂಧವೇ ಇಲ್ಲದವನಿಗೆ ವಾರ ಹೇಗೆ ಗೊತ್ತು? ಮರುಕ್ಷಣವೇ ಅನುಮಾನಕ್ಕೂ ಅನುಮಾನ ಹುಟ್ಟಿತು. ಇದು ಕರುಣೆಯೋ, ಗಾಳವೋ? ತಾನು ಹೋಗಿ ಹೇಳಲಿ, ಸರ್ಕಾರ ಮೂರನೇ ಠಾಣೆಗೆ ಜನ ತುಂಬಲಿ, ಇವರು ಒಂದನೆಯದಕ್ಕೆ ನುಗ್ಗಲಿ ಎಂದೇ? ಅಥವಾ ಇವತ್ತು ಗಂಡನ ಜೀವ ಕೊಟ್ಟು ನಾಳೆ ತನ್ನ ನಾಲಿಗೆ ಕೇಳುವ ಹಂಚಿಕೆಯೇ? ಮುದುಕನ ಮುಖ ನೋಡಿದಳು. ಅವನು ನೀರು ಕುಡಿಯುತ್ತಿದ್ದ, ಅಷ್ಟೇ.

ಗಂಡನಿಗೆ ಹೇಳಬಹುದಿತ್ತು. ಹೇಳಿದರೆ ಅವನು ಮೊದಲು ಕೇಳುವುದೇ ‘ಉಳಿದವರು?’ ಎಂದು. ಆ ಪ್ರಾಣಿಯನ್ನು ಅವಳು ಬಲ್ಲಳು. ಮೊಳಕಾಲು ನೋವಿಗೂ ರಜೆ ಹಾಕದವನು.

ಕಾರ್ಯದರ್ಶಿಯನ್ನು ಕಿಟಕಿಯ ಮೂಲೆಗೆ ಕರೆದು ಎಲ್ಲ ಹೇಳಿದಳು. ಅವರು ಹಲ್ಲುಕಡ್ಡಿ ಬಿಸಾಡಿದರು. ಬೆಚ್ಚಲಿಲ್ಲ. ಅದೇ ಅವಳನ್ನು ಬೆಚ್ಚಿಸಿತು.

“ನೋಡಮ್ಮ, ಎರಡೂ ಪಡೆ ಒಂದೇ ಅಂತ ನಮಗೆ ಮೊದಲಿಂದ ಗೊತ್ತು. ಅದಕ್ಕೇ ತಾನೇ ಈ ಮುದುಕನ ಜೊತೆ ಮಾತು? ಕೈಯಲ್ಲಿ ಹಗ್ಗ ಇಲ್ಲದವನ ಹತ್ರ ಎತ್ತು ಕಟ್ಟು ಅಂತ ಯಾರಾದ್ರೂ ಹೇಳ್ತಾರಾ?”

“ಹಾಗಾದ್ರೆ ಗುರುವಾರ ಠಾಣೆ ಖಾಲಿ ಮಾಡಿಸ್ತೀರಾ ಸಾರ್?”

“ಖಾಲಿ ಮಾಡಿದ್ರೆ ನಮಗೆ ಸುದ್ದಿ ಸಿಕ್ಕಿದೆ ಅಂತ ಅವರಿಗೆ ಗೊತ್ತಾಗುತ್ತೆ. ಮುದುಕ ಎದ್ದು ಹೋಗ್ತಾನೆ, ಒಪ್ಪಂದ ಮಣ್ಣುಪಾಲು. ದೊಡ್ಡದು ನೋಡಬೇಕಮ್ಮ.” ಅವಳ ಮುಖ ಬಿಳಿಚಿದ್ದು ಕಂಡು ಅವರೂ ದನಿ ತಗ್ಗಿಸಿದರು. “ನಿಮ್ಮ ಮನೆಯವರಿಗೆ ಗುರುವಾರ ರಜೆ ಹಾಕಿಸ್ತೀನಿ. ಯೋಚನೆ ಮಾಡಬೇಡಿ.”

ಅದೇ ಮಾತು, ಅದೇ ತಗ್ಗಿದ ದನಿ. ಬೇರೆ ಬಾಯಿ. ಅವಳಿಗೆ ಅಸಹ್ಯವಾಯಿತು, ಭಯಕ್ಕಿಂತ ಹೆಚ್ಚಾಗಿ ಅಸಹ್ಯ. ಠಾಣೆಯ ಹುಡುಗರು ಹಬ್ಬದೂಟಕ್ಕೆಂದು ಅವಳ ಮನೆಗೆ ಬಂದು ಪಾತ್ರೆ ತಳ ಕಾಣಿಸಿ ಹೋದವರು. ಅವರಲ್ಲಿ ಒಬ್ಬೊಬ್ಬನ ಅಮ್ಮನಿಗೂ ಬಿಸಿನೀರು ಕೊಡಲು ಈ ಪಡಸಾಲೆಗೆ ಬರಲಾಗುತ್ತದೆಯೇ?

ಮಧ್ಯಾಹ್ನದ ಸಭೆ ಕೂತಿತು. ಮೇಜಿನ ಮೇಲೆ ಎರಡು ಟೇಪು, ಅವರದೊಂದು ಇವರದೊಂದು. ಪಡಸಾಲೆಯಲ್ಲಿ ಆಡಿದ್ದು ಗಾಳಿಗೆ, ಮೇಜಿನಲ್ಲಿ ಆಡಿದ್ದು ಟೇಪಿಗೆ. ಹಿರಿಯ ಮತ್ತೆ ಅದೇ ರಾಗ ಎಳೆದ. ಅವಳು ಹೇಳಿದಳು: “ನಮಗೂ ಅವರಿಗೂ ಸಂಬಂಧ ಇಲ್ಲ.”

“ನಿಮ್ಮ ಮಾತನ್ನ ನಂಬ್ತೀವಿ,” ಎಂದರು ಕಾರ್ಯದರ್ಶಿ, ಅವಳ ಕಡೆ ನೋಡದೆ.

ಇದನ್ನು ಅವಳು ಆ ಭಾಷೆಗೆ ತರಬೇಕಿತ್ತು. ತರಲಿಲ್ಲ.

“ಈಗ ಮಾತಾಡ್ತಿರೋದು ನಾನು,” ಎಂದಳು. “ದುಭಾಷಿ. ಗುರುವಾರ ಮೂರನೇ ಠಾಣೆ ಮೇಲೆ ಬೀಳ್ತಾರೆ ಅನ್ನೋದು ಈ ಹಿರಿಯರಿಗೆ ಗೊತ್ತು. ಅವರಿಗೆ ಗೊತ್ತು ಅನ್ನೋದು ನಮ್ಮ ಸಾಹೇಬರಿಗೂ ಗೊತ್ತು. ಇಬ್ಬರೂ ನನ್ನ ಗಂಡನಿಗೆ ರಜೆ ಕೊಡಿಸ್ತೀವಿ ಅಂದ್ರು. ನನಗೆ ಆ ರಜೆ ಬೇಡ.”

ಅದನ್ನೇ, ಒಂದಕ್ಷರ ಬಿಡದೆ, ಆ ಭಾಷೆಯಲ್ಲೂ ಹೇಳಿದಳು.

ಕಾರ್ಯದರ್ಶಿಯ ಕಿವಿ ಕೆಂಪಾಯಿತು. “ಇವತ್ತಿಗೆ ನಿಮ್ಮ ಕೆಲಸ ಮುಗೀತು, ಗೊತ್ತಾಯ್ತಾ?” ಎಂದು ಹಲ್ಲು ಕಚ್ಚಿದರು. ಗೊತ್ತಾಗಿತ್ತು. ಮಾತು ಎರಡೂ ಟೇಪಿಗೆ ಬಿದ್ದಿತ್ತು. ಇನ್ನು ಗುರುವಾರ ಒಂದು ಗುಂಡು ಹಾರಿದರೂ ಅದರ ಮೇಲೆ ಮುದುಕನ ಹೆಸರಿರುತ್ತದೆ. ಅದು ಅವನಿಗೂ ಗೊತ್ತಾಗಿತ್ತು. ಮಗಳಂತೆ ಕಂಡಿದ್ದವಳನ್ನು ಅವನು ಬಹಳ ಹೊತ್ತು ದಿಟ್ಟಿಸಿದ. ಆ ನೋಟದಲ್ಲಿ ಇದ್ದದ್ದು ಸಿಟ್ಟೋ ಮೆಚ್ಚುಗೆಯೋ ಅವಳಿಗೆ ಕೊನೆಗೂ ತಿಳಿಯಲಿಲ್ಲ.

ಆಮೇಲೆ ಅವನು ಕೆಮ್ಮಿ, ಒಂದೇ ಒಂದು ಮಾತಾಡಿದ. ಕೋಣೆಯಲ್ಲಿ ಬೇರೆ ದುಭಾಷಿ ಇರಲಿಲ್ಲವಾದ್ದರಿಂದ ಎಲ್ಲರೂ ಅವಳ ಕಡೆಗೇ ತಿರುಗಿದರು. ಅವಳು ಬೆನ್ನು ನೆಟ್ಟಗೆ ಮಾಡಿ, ಕಟ್ಟಳೆಯಂತೆ ಅವನೇ ಆಗಿ ಹೇಳಿದಳು:

“ನಾನೊಂದು ಫೋನ್ ಮಾಡಬೇಕು.”